ಹರಳೆಣ್ಣೆ ಹಚ್ಚಿದ ಶಾಕ್‌ಅಬ್ಸಾರ್ಬರ್

ನಮ್ಮ ಹಿತ್ತಲಿನ ಹೀರೆಬಳ್ಳಿಯ ಚಪ್ಪರಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು ಕಬ್ಬಿಣದ ಗೂಟಗಳಿವೆ. ಮೊಳಕ್ಕಿಂತ ಸ್ವಲ್ಪ ಉದ್ದ. ಒಂದು ತುದಿ ಒನಕೆಯಷ್ಟು ದಪ್ಪ, ಇನ್ನೊಂದು ತುದಿ ಬೆರಳಿನಷ್ಟು ಸಣ್ಣ, ಮೇಲೊಂದು ಕೆಳಗೊಂದು ಉಂಗುರ. ಆ ಉಂಗುರಕ್ಕೇ ಚಪ್ಪರದ ಹಗ್ಗ ಬಿಗಿದಿದ್ದೇನೆ. ನೋಡಿದವರು ಇದೇನಜ್ಜಿ ಅನ್ನುತ್ತಾರೆ. ಜೀಪಿನ ಶಾಕ್‌ಅಬ್ಸಾರ್ಬರ್ ಕಣಪ್ಪ, ಕಂಪನಿಯಿಂದ ಬಂದಾಗ ಇದ್ದದ್ದು, ಈಗ ಸತ್ತಿದೆ ಅಂದರೆ ನಗುತ್ತಾರೆ. ಗುಜರಿಯವನು ಎರಡು ಸಲ ಬಂದು ಕೇಳಿದ. ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅಂತ ಹೇಳುವುದಕ್ಕೆ ಕೂತರೆ ಹೀರೆಕಾಯಿ ಬಲಿತು ನಾರಾಗುವಷ್ಟು ಹೊತ್ತು ಬೇಕು. ಆದರೂ ಕೂತಿದ್ದೇನೆ.

ಅದಕ್ಕೂ ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ತಡೆದುಕೊಂಡರೆ ಮುಂದಕ್ಕೆ ಬರೆಯಲು ಆಗುವುದಿಲ್ಲ. ನಾನು ಅಜ್ಜಿಯಾಗಿದ್ದೇನೆ! ಮೊಮ್ಮಗಳು. ಈ ಮಾತನ್ನು ಹಾಲಿನ ಡೇರಿಯಲ್ಲಿ ಸಾಲು ನಿಂತವರಿಗೆಲ್ಲ ಹೇಳಿದ್ದೇನೆ, ಕರೆಂಟ್ ಬಿಲ್ ಕೊಡಲು ಬಂದವನಿಗೂ ಹೇಳಿದ್ದೇನೆ. ಅವನು, "ಹೋದ ತಿಂಗಳೇ ಹೇಳಿದ್ರಲ್ಲಮ್ಮ" ಎಂದ. ಹೇಳಿದರೇನಾಯಿತು? ಹೋದ ತಿಂಗಳು ಅವಳು ಮಗುಚಿಕೊಂಡಿರಲಿಲ್ಲ, ಈ ತಿಂಗಳು ಮಗುಚಿಕೊಂಡಿದ್ದಾಳೆ. ಸುದ್ದಿ ಬೇರೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಒತ್ತಕ್ಷರ ಬಂದ ಕಡೆ ಈಗಲೂ ಪೆನ್ನು ನಿಂತು ಯೋಚಿಸುತ್ತದೆ. ಅಂಥವಳನ್ನು ಪುಸ್ತಕ ಹಿಡಿದು ಕೂರಿಸಿದ್ದು ಆ ಅಂಗೈ ಅಗಲದ ಮುಖ.

ನಮ್ಮೂರು ರಾಜಾನುಕುಂಟೆ ದಾಟಿ ಒಳಕ್ಕೆ ಹೋಗಬೇಕು. ಸುತ್ತಲ ಹೊಲವೆಲ್ಲ ಲೇಔಟ್ ಆಗಿ ಕಲ್ಲು ನೆಟ್ಟುಕೊಂಡು ನಿಂತಿದೆ. ನಮ್ಮದೊಂದು ತುಂಡು ಮಾತ್ರ ಉಳಿದಿದೆ. ಅದರಲ್ಲಿ ನನ್ನ ಮಗ ಗಿರೀಶ ಗುಲಾಬಿ ಬೆಳೆಯುತ್ತಾನೆ. ಗೊಬ್ಬರ, ಹೂವು ಸಾಗಿಸಲು ಅಂತ ಜೀಪು ತಂದ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು. ಗೊಬ್ಬರ ಸಾಗಿಸಿದ್ದು ವಾರದಲ್ಲಿ ಆರು ದಿನ. ಏಳನೇ ದಿನ, ಭಾನುವಾರ, ಗೆಳೆಯರ ಜೊತೆ ಹೋಗಿ ಬಂಡೆ ಹತ್ತಿಸುವುದು, ಕೆಸರಿನಲ್ಲಿ ಹೂತುಕೊಳ್ಳುವುದು, ಒಬ್ಬರನ್ನೊಬ್ಬರು ಹಗ್ಗ ಹಾಕಿ ಎಳೆದುಕೊಳ್ಳುವುದು. ಹಾಲು ಹೊಯ್ದಂಥ ಟಾರು ರಸ್ತೆ ಇರುವಾಗ ಬಂಡೆಯ ಮೇಲೇನು ಕೆಲಸ ಅಂತ ಕೇಳಿದರೆ, "ಅಮ್ಮಾ, ನಿನಗೆ ಗೊತ್ತಾಗಲ್ಲ, ಅದರ ಮಜಾನೇ ಬೇರೆ" ಅನ್ನುತ್ತಿದ್ದ. ಗೊತ್ತಾಗದೇ ಏನು. ನಾನೂ ಚಿಕ್ಕವಳಿದ್ದಾಗ ಅಪ್ಪನ ಗಾಡಿ ಹಳ್ಳಕ್ಕೆ ಇಳಿಯುವ ಜಾಗ ಬರಲಿ ಅಂತಲೇ ಕಾಯುತ್ತಿದ್ದೆ. ಹೊಟ್ಟೆಯೊಳಗೆ ಜುಂ ಅನ್ನುತ್ತದಲ್ಲ, ಅದಕ್ಕೆ.

ಗಾಡಿ ಅಂದೆ, ಕೀಲೆಣ್ಣೆಯ ಮಾತು ಬಂತು. ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರೋ ಕಾಣೆ. ಎತ್ತಿನ ಗಾಡಿಯ ಕೆಳಗೆ ಒಂದು ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಅದರೊಳಗೆ ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ತುಂಬಿರುತ್ತಿದ್ದರು. ಅದೇ ಕೀಲೆಣ್ಣೆ. ಚಕ್ರ ಕಿರ್ ಅಂದರೆ ಅಪ್ಪ ಇಳಿದು, ಗೊಟ್ಟದಲ್ಲಿ ಕಡ್ಡಿ ಅದ್ದಿ, ಅಚ್ಚಿಗೆ ಸವರುತ್ತಿದ್ದರು. ಗಾಡಿ ಸುಮ್ಮನಾಗುತ್ತಿತ್ತು. ನನ್ನ ಲಂಗದ ಅಂಚು ಯಾವಾಗಲೂ ಆ ಮಸಿಯಿಂದ ಕಪ್ಪಾಗಿರುತ್ತಿತ್ತು, ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ. ಹರಳೆಣ್ಣೆ ನಮ್ಮ ಮನೆಯಲ್ಲಿ ಯಾವುದಕ್ಕಿಲ್ಲ? ಮಗುವಿನ ನೆತ್ತಿಗೆ, ಅಜ್ಜಿಯ ಮಂಡಿಗೆ, ಬಾಗಿಲ ತಿರುಗಣಿಗೆ, ಬಾವಿಯ ರಾಟೆಗೆ. ಕಿರುಗುಟ್ಟುವುದೆಲ್ಲ ಒಣಗಿರುವುದು, ಒಣಗಿದ್ದಕ್ಕೆ ಎಣ್ಣೆ ಹಚ್ಚಬೇಕು. ನಾನು ಕಲಿತ ವಿದ್ಯೆ ಇಷ್ಟೇ.

ಜೀಪಿಗೆ ಪ್ರತಿ ಶುಕ್ರವಾರ ನಾನೇ ಪೂಜೆ ಮಾಡುತ್ತಿದ್ದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಚಕ್ರಕ್ಕೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗುವುದು. ಹೋದ ವರ್ಷ ಒಂದು ಶುಕ್ರವಾರ ಹಿಂದಿನ ಚಕ್ರದ ಒಳಗೆ ಬಗ್ಗಿ ನೋಡಿದರೆ ಈ ಗೂಟದಂಥದ್ದು ಬೆವೆತಿತ್ತು. ಮೇಲಿಂದ ಕೆಳಗೆ ಎಣ್ಣೆ ಜಿನುಗಿ ಧೂಳು ಅಂಟಿ, ಕೆಸರು ಮೆತ್ತಿದ ಹಾಗಿತ್ತು. ಜೊತೆಗೆ ಜೀಪು ಹಳ್ಳ ಇಳಿದಾಗ ಅಲ್ಲಿಂದ ಕೀಚ್ ಅನ್ನುವ ಸದ್ದು ಬೇರೆ. ನನಗೆ ಸಂಕಟವಾಯಿತು. ಪೂಜೆ ಮಾಡುವ ಗಾಡಿ ಹೀಗಾ ಇರುವುದು? ಚೊಕ್ಕಟ ಮಾಡಿ ಒರೆಸಿದೆ. ಕೀಚ್ ಅನ್ನುವ ಜಾಗಕ್ಕೆ ಹರಳೆಣ್ಣೆ ಬಿಟ್ಟೆ. ಮುಂದಿನ ಶುಕ್ರವಾರ ಮತ್ತೆ ಬೆವೆತಿತ್ತು, ಮತ್ತೆ ಒರೆಸಿದೆ. ಆಮೇಲೆ ಉಳಿದ ಮೂರು ಚಕ್ರದವೂ ಒಂದೊಂದಾಗಿ ಬೆವೆತವು, ಅವಕ್ಕೂ ಅದೇ ಸೇವೆ. ಕೆಲವು ತಿಂಗಳಾದ ಮೇಲೆ ಬೆವರುವುದು ತಾನಾಗಿ ನಿಂತಿತು. ನನ್ನ ಆರೈಕೆ ಹತ್ತಿತು ಅಂತ ಒಳಗೊಳಗೇ ಹಿಗ್ಗಿದೆ. ಯಾರಿಗೂ ಹೇಳಲಿಲ್ಲ. ಮನೆ ಹೆಂಗಸು ಹೊಸಿಲು ಒರೆಸಿದ್ದನ್ನು ಯಾರಾದರೂ ಊರಿಗೆ ಹೇಳುತ್ತಾರೆಯೇ?

ಅದೇ ಕಾಲಕ್ಕೆ ಸೊಸೆ ವೀಣಾ ಬಸುರಿ. ಬಾಗಲಗುಂಟೆಯ ಹುಡುಗಿ, ಯಲಹಂಕದ ಒಂದು ಸ್ಕೂಲಿನಲ್ಲಿ ಟೀಚರು. ಅವಳಿಗೆ ತಾಯಿ ಇಲ್ಲ. ಹಾಗಾಗಿ ಬಾಣಂತನವೂ ನನ್ನದೇ ಅಂತ ನಾನೇ ಹಕ್ಕು ಹಾಕಿಕೊಂಡಿದ್ದೆ. ಸ್ಕೂಲಿಗೆ, ಆಸ್ಪತ್ರೆಗೆ ಅವಳು ಓಡಾಡುತ್ತಿದ್ದದ್ದು ಇದೇ ಜೀಪಿನಲ್ಲಿ. ನಮ್ಮೂರಿನ ರಸ್ತೆಯನ್ನು ನೀರಿನ ಪೈಪಿಗೆ ಅಂತ ಅಗೆದು ಮಣ್ಣು ಸುರಿದು ಬಿಟ್ಟಿದ್ದರು. ಚಿಕ್ಕ ಕಾರುಗಳ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು, ಬಾಡಿಗೆ ಕಾರಿನವರು ಊರಿನ ಹೆಸರು ಕೇಳಿಯೇ ಫೋನ್ ಇಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತು ನಾನು ಅವಳ ಸೊಂಟಕ್ಕೆ ದಿಂಬು ಕೊಟ್ಟು ಹಿಡಿದುಕೊಳ್ಳುತ್ತಿದ್ದೆ. ಜೀಪು ಒಂದು ಹಳ್ಳ ಇಳಿದರೆ ನಾಲ್ಕು ಸಲ ತೂಗಾಡುತ್ತಿತ್ತು.

"ನಿಧಾನಕ್ಕೆ ಓಡ್ಸೋ ಗಿರಿ."

"ನಿಧಾನಕ್ಕೇ ಹೋಗ್ತಿದೀನಿ ಕಣಮ್ಮ. ಇನ್ನೂ ನಿಧಾನ ಅಂದ್ರೆ ಇಳಿದು ತಳ್ಬೇಕು."

ನನ್ನ ಭಯಕ್ಕೆ ಬೇರೊಂದು ಬೇರಿತ್ತು. ಅದನ್ನು ಇಲ್ಲಿ ಹೇಳಲೇಬೇಕು.

ನನಗಾಗ ಹತ್ತೊಂಬತ್ತು. ಮೊದಲ ಬಸುರು, ಏಳನೇ ತಿಂಗಳು. ಗೌರಿ ಹಬ್ಬ ಬಂತು. ತವರಿನವರೇ ಬಾಗಿನ ತಂದು ಕೊಡುವುದು ಪದ್ಧತಿ. ನಾನು ಮಾತ್ರ, ನಾನೇ ಹೋಗಿ ತರುತ್ತೇನೆ ಅಂತ ಹಠ ಹಿಡಿದೆ. ನಮ್ಮ ಮನೆಯವರು, "ಎತ್ತು ಒಸ್ದು, ಇನ್ನೂ ಪಳಗಿಲ್ಲ, ಬ್ಯಾಡ" ಅಂದರು. ನಾನು ಊಟ ಬಿಟ್ಟು ಕೂತೆ. ಕೊನೆಗೆ ಗಾಡಿ ಕಟ್ಟಿದರು. ಕೆರೆ ಏರಿಯ ಮೇಲೆ ಬರೀ ಕಲ್ಲು. ತವರು ಸೇರಿದ ಮೂರನೇ ದಿನ ಮಗು ಹುಟ್ಟಿತು. ಗಂಡು. ಒಂದು ಹಗಲು ಉಸಿರಾಡಿತು, ದೀಪ ಹಚ್ಚುವ ಹೊತ್ತಿಗೆ ಇರಲಿಲ್ಲ. ಹೆರಿಗೆ ಮಾಡಿಸಿದ ಮುದುಕಿ ಕೈ ತೊಳೆಯುತ್ತಾ ಅಂದಳು: "ಗಾಡಿ ಕುಲುಕಾಟಕ್ಕೆ ಬಂದ್ಬುಡ್ತು." ಅವಳಿಗದು ದಿನದ ಮಾತು. ನನಗೆ ಹಾಗಾಗಲಿಲ್ಲ. ನಮ್ಮ ಮನೆಯವರು ಸಾಯುವ ತನಕ ಆ ವಿಷಯ ಎತ್ತಲಿಲ್ಲ. ಆದರೆ ಅಲ್ಲಿಂದ ಮುಂದೆ ನಾನು ಗಾಡಿ ಹತ್ತುವಾಗಲೆಲ್ಲ ಹುಲ್ಲನ್ನು ಎರಡರಷ್ಟು ಹಾಸಿ, ಮೇಲೆ ಗೋಣಿ ಹಾಕುತ್ತಿದ್ದರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆ ಮೆತ್ತನೆಯ ಹುಲ್ಲಿನ ಮೇಲೆ ಕೂರುವುದು ಮುಳ್ಳಿನ ಮೇಲೆ ಕೂತ ಹಾಗಿರುತ್ತಿತ್ತು. ಗಿರಿ ಹುಟ್ಟಿದ್ದು ಐದು ವರ್ಷ ಕಳೆದ ಮೇಲೆ. ಅವನ ಬಸುರಿನಲ್ಲಿ ನಾನು ಊರು ಬಿಟ್ಟು ಕದಲಲಿಲ್ಲ.

ಈಗ ನೋಡಿ, ವೀಣಾಗೂ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಚೆಕಪ್ಪಿಗೆ ಅಂತ ಹೋದವಳನ್ನು ಮನೆಗೆ ಕಳಿಸಲಿಲ್ಲ. ಮಾರನೇ ದಿನ ಹೊಟ್ಟೆ ಕುಯ್ದು ಮಗುವನ್ನು ತೆಗೆದರು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಗಾಜಿನಾಚೆ ನಿಂತು ನೋಡಿದೆ. ಕೋಳಿಮರಿಯ ಕಾಲಿನಂಥ ಬೆರಳು, ಮೂಗಿಗೆ ನಳಿಕೆ. ಸಂತೋಷ ಪಡಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ನರ್ಸಮ್ಮ ಬಂದು, "ಅಜ್ಜಿ, ಗಾಜಿಗೆ ಮೂಗು ಒತ್ತಬೇಡಿ, ಒರೆಸೋದು ನಾವು" ಎಂದಳು. ಒರೆಸುವ ಕೆಲಸ ನನಗೆ ಕೊಟ್ಟಿದ್ದರೆ ಬೇಡ ಅನ್ನುತ್ತಿದ್ದೆನೇ?

ಎರಡು ವಾರ ದಾಟಿ ಮಗು ಚೇತರಿಸಿಕೊಂಡಿತು. ಇನ್ನು ಮೂರು ದಿನಕ್ಕೆ ಮನೆಗೆ ಕರೆದೊಯ್ಯಬಹುದು, ಆದರೆ ತುಂಬಾ ಕುಲುಕಾಡದ ಹಾಗೆ ಹೋಗಿ ಅಂತ ಡಾಕ್ಟರಮ್ಮ ಹೇಳಿದರು. ಕುಲುಕಾಡದ ಹಾಗೆ! ಅವತ್ತೇ ಗಿರಿಯನ್ನು ಎಬ್ಬಿಸಿಕೊಂಡು ಯಲಹಂಕದ ಬಾಷಾ ಅವರ ಗ್ಯಾರೇಜಿಗೆ ಹೋದೆ. ಬಾಷಣ್ಣ ನಮ್ಮ ಮನೆಯವರ ಕಾಲದಿಂದ ಗೊತ್ತು. ಆಗ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು, ಈಗ ಗಡ್ಡ ಬೆಳ್ಳಗಾಗಿದೆ.

ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಜೀಪಿನ ಮುಂದಿನ ಮೂಲೆಗೆ ಎರಡೂ ಕೈ ಊರಿ ಬಲವಾಗಿ ಒತ್ತಿ ಬಿಟ್ಟರು. ಜೀಪು ಕೋಲೆ ಬಸವನ ಹಾಗೆ ತಲೆ ಆಡಿಸುತ್ತಲೇ ಇತ್ತು.

"ನೋಡಿದ್ರಾ ಅಮ್ಮಾ? ಚೆನ್ನಾಗಿದ್ರೆ ಒಂದು ಸಲ ಮೇಲೆ ಬಂದು ನಿಲ್ಬೇಕು. ಕುಣಿಯೋದು ಸ್ಪ್ರಿಂಗ್ ಕೆಲಸ, ಸಾಕು ನಿಲ್ಲಿಸು ಅನ್ನೋದು ಶಾಕ್‌ಅಬ್ಸಾರ್ಬರ್ ಕೆಲಸ. ನಿಮ್ಮ ಗಾಡೀಲಿ ಸಾಕು ಅನ್ನೋರೇ ಇಲ್ಲ."

"ನಾನು ಪ್ರತಿ ಶನಿವಾರಾನೂ ಕೆಳಗೆ ಬಗ್ಗಿ ನೋಡ್ತಿದ್ದೆ ಬಾಷಾ ಭಾಯ್," ಎಂದ ಗಿರಿ. "ಲೀಕೇ ಇರ್ಲಿಲ್ಲ. ಒಣಗಿತ್ತು. ತೂಗಾಡೋದು ರಸ್ತೆಯಿಂದ ಅಂದ್ಕೊಂಡೆ."

ಬಾಷಣ್ಣ ಕೆಳಗೆ ತೂರಿದರು. ಆಮೇಲೆ ಬೆರಳು ಮೂಸಿಕೊಳ್ಳುತ್ತಾ ಹೊರಗೆ ಬಂದರು.

"ಇದು ಜೀಪಿನ ಎಣ್ಣೆ ಅಲ್ಲ. ಹರಳೆಣ್ಣೆ! ಯಾರಪ್ಪ ಇದಕ್ಕೆ ಎಣ್ಣೆ ಸ್ನಾನ ಮಾಡಿಸ್ತಿರೋದು?"

ಶೆಡ್ಡಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೇ ಅಂದೆ. ಶುಕ್ರವಾರ ಒರೆಸುತ್ತಿದ್ದದ್ದು, ಎಣ್ಣೆ ಬಿಡುತ್ತಿದ್ದದ್ದು, ಕೊನೆಗೆ ಬೆವರು ನಿಂತದ್ದು, ಎಲ್ಲ ಹೇಳಿದೆ. ಹೇಳುತ್ತಾ ಹೋದ ಹಾಗೆ ಗಿರಿಯ ಮುಖದಲ್ಲಿ ನಗು ಇಳಿಯುತ್ತಾ ಬಂತು.

"ನಿಂತದ್ದು ವಾಸಿಯಾಗಿ ಅಲ್ಲಮ್ಮ," ಎಂದರು ಬಾಷಣ್ಣ. "ಒಳಗಿನ ಎಣ್ಣೆ ಪೂರ್ತಿ ಖಾಲಿಯಾಗಿ. ಸೋರಿದ ಗುರುತು ಕಂಡಿದ್ರೆ ನಿಮ್ಮ ಮಗ ಅವತ್ತೇ ಬರ್ತಿದ್ದ. ಗುರುತನ್ನೇ ಒರೆಸಿಬಿಟ್ಟಿದ್ದೀರ."

"ಎಷ್ಟು ದಿನ ಆಗಿರ್ಬೋದು?" ಎಂದೆ.

"ಐದಾರು ತಿಂಗಳಾದ್ರೂ ಆಗಿರುತ್ತೆ."

ಬೆರಳು ಮಡಿಸಬೇಕಾಗಿರಲಿಲ್ಲ. ವೀಣಾಳ ಹೊಟ್ಟೆ ಕಾಣಿಸಿಕೊಂಡಾಗಿನಿಂದ ಲೆಕ್ಕ ಅದು. ಅಷ್ಟು ತಿಂಗಳೂ ಆ ಮಗು ಒಳಗೆ ಕುಲುಕಾಡಿದ್ದು ನನ್ನ ಒದ್ದೆ ಬಟ್ಟೆಯಿಂದ. ಒಂದು ಮಗುವನ್ನು ಹಠದಿಂದ ಕಳೆದುಕೊಂಡೆ, ಇನ್ನೊಂದನ್ನು ಭಕ್ತಿಯಿಂದ ಗಾಜಿನ ಪೆಟ್ಟಿಗೆಗೆ ಕಳಿಸಿದೆ ಅನ್ನಿಸಿತು. ಅಲ್ಲಿದ್ದ ಒಂದು ಹಳೇ ಟೈರಿನ ಮೇಲೆ ಕೂತುಬಿಟ್ಟೆ. ಯಾರೋ ಟೀ ತಂದುಕೊಟ್ಟರು. ಲೋಟವನ್ನು ಟೈರಿನ ಪಕ್ಕಕ್ಕೆ ಇಟ್ಟೆ.

ಬಾಷಣ್ಣ ಎರಡು ಬಗೆಯ ಹೊಸ ಶಾಕ್‌ಅಬ್ಸಾರ್ಬರ್ ತರಿಸಿ ಮುಂದಿಟ್ಟರು. ಒಂದು ಕೆಂಪು ಬಣ್ಣದ್ದು, ದಪ್ಪ, ಕುಸ್ತಿಪಟುವಿನ ತೋಳಿನ ಹಾಗೆ. ಭಾನುವಾರದ ಗೆಳೆಯರೆಲ್ಲ ಅದನ್ನೇ ಹಾಕಿಸಿದ್ದರಂತೆ. ಇನ್ನೊಂದು ಕಪ್ಪು, ನೋಡಲು ಹಳೆಯದರ ಹಾಗೇ ಬಡಪಾಯಿ.

"ಕೆಂಪುದು ಬಂಡೆ ಹತ್ತಕ್ಕೆ, ಭಾರ ಹೊರಕ್ಕೆ. ಗಟ್ಟಿ. ಆದ್ರೆ ಖಾಲಿ ಗಾಡೀಲಿ ಒದೆಯುತ್ತೆ. ಕಪ್ಪುದು ಮೆತ್ತಗೆ, ಬಂಡೆ ಮೇಲೆ ಜಾಸ್ತಿ ದಿನ ಬರಲ್ಲ. ಹೇಳಪ್ಪ ಗಿರೀಶ, ಬಂಡೆಗೋ, ಮಗೂಗೋ?"

ಗಿರಿ ಕೆಂಪನೆಯದನ್ನು ಕೈಯಲ್ಲಿ ಎತ್ತಿ ಒಮ್ಮೆ ತೂಗಿ ನೋಡಿದ. ವರ್ಷದಿಂದ ಅದರ ಚಿತ್ರ ಫೋನಿನಲ್ಲಿ ಇಟ್ಟುಕೊಂಡಿದ್ದ, ನನಗೆ ಗೊತ್ತು. ಮೆಲ್ಲಗೆ ಕೆಳಗಿಟ್ಟ. "ಮಗೂಗೆ" ಎಂದ.

ನಾಲ್ಕನ್ನೂ ಹಾಕಿ ಮುಗಿಸುವವರೆಗೆ ನಾನು ಕದಲಲಿಲ್ಲ. ಬಿಚ್ಚಿದ ಹಳೇ ನಾಲ್ಕನ್ನೂ ಗೋಣಿಗೆ ಹಾಕಿಸಿಕೊಂಡೆ, ಕಣ್ಣೆದುರಿಗೇ ಇರಲಿ ಅಂತ. ಮುಗಿದ ಮೇಲೆ ಒಂದು ಚೊಂಬು ನೀರು ಕೇಳಿದೆ. ಕುಡಿಯುವುದಕ್ಕೆ ಅಂತ ಕೊಟ್ಟರು. ಕಂಠದವರೆಗೆ ತುಂಬಿಸಿಕೊಂಡು ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮೊದಲೆಲ್ಲ ನಾವು ತೆರೆದ ಬಿಂದಿಗೆಯಲ್ಲಿ ಹಾಲು ಹೊತ್ತು ಯಲಹಂಕಕ್ಕೆ ಬರುತ್ತಿದ್ದೆವು. ಯಾರ ನಡಿಗೆ ಹದವಾಗಿದೆ ಅಂತ ಬಿಂದಿಗೆ ಹೇಳುತ್ತಿತ್ತು. ಕಣ್ಣು, ಕಿವಿ ಮೋಸ ಹೋಗುತ್ತವೆ, ನೀರು ಹೋಗುವುದಿಲ್ಲ. ಬಾಷಣ್ಣ ನಗಲಿಲ್ಲ. ತಾವೇ ಸ್ಟಿಯರಿಂಗ್ ಹಿಡಿದು ದೊಡ್ಡಬಳ್ಳಾಪುರ ರಸ್ತೆಯ ಹಂಪುಗಳ ಮೇಲೆ ಹೋಗಿ ಬಂದರು. ಮೊದಲ ಹಂಪಿಗೆ ನೀರು ತುಳುಕಿ ಸೀರೆ ನೆನೆಯಿತು. ಆಮೇಲಿನದಕ್ಕೆ ಅಂಚಿನವರೆಗೆ ಬಂದು ಹಿಂದಕ್ಕೆ ಹೋಯಿತು.

"ಪಾಸಾ ಅಮ್ಮಾ?"

"ಪಾಸು" ಅಂದೆ. ಆದರೆ ನನ್ನ ಎದೆಯೊಳಗೆ ತುಳುಕುತ್ತಿದ್ದದ್ದನ್ನು ಯಾವ ಶಾಕ್‌ಅಬ್ಸಾರ್ಬರೂ ನಿಲ್ಲಿಸುವ ಹಾಗಿರಲಿಲ್ಲ. ವೀಣಾಗೆ ಹೇಳಬೇಕಿತ್ತು. ಗಿರಿ, "ಈಗೇನೂ ಹೇಳ್ಬೇಡಮ್ಮ, ಸುಸ್ತಾಗಿದಾಳೆ" ಎಂದ. ಸೊಸೆಯಿಂದ ಮುಚ್ಚಿಟ್ಟು ಅವಳ ಮಗುವಿನ ನೆತ್ತಿಗೆ ಎಣ್ಣೆ ಹಚ್ಚುವುದು ಹೇಗೆ? ಹೇಳಿದ ಮೇಲೆ ಮಗುವನ್ನು ನನ್ನ ಕೈಗೆ ಕೊಡದೇ ಹೋದರೆ? ಮೂರು ದಿನ ಇದೇ ಹೊಯ್ದಾಟ.

ಬಿಡುಗಡೆಯಾದ ದಿನ ಮಗುವನ್ನು ಬಟ್ಟೆಯಲ್ಲಿ ಸುತ್ತಿ ವೀಣಾ ಎದೆಗೆ ಒತ್ತಿ ಹಿಡಿದಳು. ನಾನು ಪಕ್ಕ. ಗಿರಿ ಹೆಬ್ಬಾಳದಿಂದಲೇ ಸೈಕಲ್ ವೇಗದಲ್ಲಿ ಹೊರಟ. ಹಿಂದೆ ಬಸ್ಸುಗಳು ಹಾರ್ನ್ ಹೊಡೆದು ಹೊಡೆದು ಸುಸ್ತಾದವು. ಯಲಹಂಕದ ಹತ್ತಿರ ಒಬ್ಬ ಆಟೋದವನು ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿದ.

"ಏನ್ ಗುರು, ಜೀಪ್ ತುಂಬಾ ಮೊಟ್ಟೆ ಹಾಕ್ಕೊಂಡಿದೀಯಾ?"

"ಒಂದೇ ಗುರು, ಈಗ್ತಾನೇ ಒಡೆದು ಬಂದಿದೆ," ಎಂದ ಗಿರಿ. ಆಟೋದವನು ಹಿಂದಕ್ಕೆ ಇಣುಕಿ ನೋಡಿ, "ಅಯ್ಯೋ ಹೋಗು ಮಗಾ, ಹಿಂಗೇ ಹೋಗು" ಅಂತ ಹಿಂದಿನ ಲಾರಿಗೆ ತಾನೇ ಕೈ ಅಡ್ಡ ಹಿಡಿದ.

ರಾಜಾನುಕುಂಟೆ ದಾಟಿ ಅಗೆದ ರಸ್ತೆಗೆ ಇಳಿದೆವು. ಜೀಪು ಒಂದು ಹಳ್ಳಕ್ಕೆ ಇಳಿದು ಒಮ್ಮೆ ಎದ್ದು ಸುಮ್ಮನಾಯಿತು. "ಅರೆ, ಗಾಡಿ ಎಷ್ಟು ಚೆನ್ನಾಗಿ ಆಗಿದೆ ಅತ್ತೆ! ಏನ್ ಮಾಡಿಸಿದ್ರಿ?" ಎಂದಳು ವೀಣಾ.

ಅಷ್ಟೇ ಸಾಕಾಯಿತು. ಕಟ್ಟೆ ಒಡೆಯಿತು. ಒರೆಸಿದ್ದು, ಹರಳೆಣ್ಣೆ, ಬಾಷಣ್ಣ, ಐದಾರು ತಿಂಗಳು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅಲ್ಲಿಗೆ ನಿಲ್ಲಲಿಲ್ಲ. ಕೆರೆ ಏರಿ, ಹೊಸ ಎತ್ತು, ಒಂದು ಹಗಲಿನ ಮಗು, ಅದೂ ಬಂತು. ಗಿರಿಗೆ ತನಗೊಬ್ಬ ಅಣ್ಣ ಇದ್ದ ಅನ್ನುವುದೇ ಗೊತ್ತಿರಲಿಲ್ಲ. ಅವನು ಜೀಪು ನಿಲ್ಲಿಸಿಬಿಟ್ಟ. "ಎಲ್ಡೂ ನನ್ನಿಂದ್ಲೇ ಕಣವ್ವ," ಎಂದೆ. "ಮಗೀನ ನನ್ ಕೈಗ್ ಕೊಡ್ಬ್ಯಾಡ ಅಂತಿದ್ರೆ ಕೊಡ್ಬ್ಯಾಡ."

ವೀಣಾ ಮಗುವನ್ನು ತೋಳಿಗೆ ಸರಿಸಿಕೊಂಡು ನನ್ನ ಕಡೆ ತಿರುಗಿದಳು.

"ಅತ್ತೆ, ನನಗೆ ಬಿಪಿ ಏರಿತ್ತು. ಅದಕ್ಕೇ ಬೇಗ ತೆಗೆದ್ರು. ಜೀಪಲ್ಲಿ ಓಡಾಡ್ತಿದ್ದೆ, ಅದರಿಂದಾನಾ ಅಂತ ನಾನೂ ಡಾಕ್ಟರನ್ನ ಕೇಳ್ದೆ. ಸಂಬಂಧಾನೇ ಇಲ್ಲ ಅಂದ್ರು. ಕಾಲು ಊದಿತ್ತು, ತಲೆ ಸಿಡೀತಿತ್ತು, ಅದೇ ಅದರ ಗುರುತಂತೆ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ನಿಮಗೂ ಆವಾಗ ಕಾಲು ಊದಿತ್ತಾ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಕಣ್ಣು ಮುಚ್ಚಿದೆ. ಗೌರಿ ಹಬ್ಬಕ್ಕೆ ವಾರ ಇರುವಾಗ ಕಾಲುಂಗುರ ಮಾಂಸಕ್ಕೆ ಕಚ್ಚಿಕೊಂಡಿತ್ತು. ನಮ್ಮತ್ತೆ ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದಿದ್ದರು. ತಲೆ ಒಡೆದು ಹೋಗುವ ಹಾಗೆ ನೋವು. ಒಲೆಯ ಮುಂದೆ ಕೂತರೆ ಬೆಂಕಿ ಎರಡಾಗಿ ಕಾಣುತ್ತಿತ್ತು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಅಂದರು. ನನಗೆ ಬಾಗಿನ ಬೇಕಿರಲಿಲ್ಲ. ನನಗೆ ಅಮ್ಮ ಬೇಕಿತ್ತು. ಅಮ್ಮನ ತೊಡೆಯ ಮೇಲೆ ತಲೆ ಇಟ್ಟು ಮಲಗಬೇಕಿತ್ತು. ಅದಕ್ಕೇ ಹಠ ಮಾಡಿದ್ದು. ಹಬ್ಬದ ಹೆಸರು ಹೇಳಿದರೆ ಕಳಿಸುತ್ತಾರೆ ಅಂತ ಹಬ್ಬದ ಹೆಸರು ಹೇಳಿದ್ದೆ. ಗಾಡಿ ಹತ್ತುವುದಕ್ಕೆ ವಾರ ಮೊದಲೇ ಕಾಲು ಊದಿತ್ತು.

"ಊದಿತ್ತು ಕಣವ್ವ," ಎಂದೆ.

"ನಾನು ಡಾಕ್ಟರಲ್ಲ ಅತ್ತೆ. ಆದ್ರೆ ಗಾಡಿಯಿಂದ ಅಂತ ನನಗನ್ಸಲ್ಲ," ಎಂದಳು. ಅಂದವಳೇ ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, ಕುತ್ತಿಗೆಯ ಕೆಳಗೆ ನನ್ನ ಕೈಯನ್ನು ಸರಿಮಾಡಿ ಇಟ್ಟಳು.

ಅಷ್ಟು ಹಗುರ! ಎರಡು ಸೇರು ರಾಗಿಯ ಭಾರವೂ ಇರಲಿಲ್ಲ. ಬಟ್ಟೆಯೊಳಗಿಂದ ಬೆಚ್ಚಗೆ ಉಸಿರು ಬರುತ್ತಿತ್ತು. ಗಿರಿ ಕಣ್ಣೊರೆಸಿಕೊಂಡು ಜೀಪನ್ನು ಮುಂದಕ್ಕೆ ಬಿಟ್ಟ. ಮತ್ತದೇ ಸೈಕಲ್ ವೇಗ. ಒಂದೊಂದು ಗುಂಡಿಯ ಮುಂದೆಯೂ ನಿಂತು, ಯೋಚಿಸಿ, ಒಂದು ಚಕ್ರ ಇಳಿಸಿ, ಮತ್ತೆ ನಿಂತು. ಮಗು ತುಟಿ ಚಪ್ಪರಿಸಿತು, ಮುಖ ಸಿಂಡರಿಸಿತು.

"ಏನೋ ಗಿರಿ ಇದು, ಇಂಗೋದ್ರೆ ಯಾವಾಗ್ ಮನೆ ಸೇರೋದು?" ಎಂದೆ. "ಕೂಸ್ಗೆ ಅಸೀತಾ ಐತೆ. ಒಸಿ ಜೋರಾಗ್ ಓಡ್ಸು."

ಗಿರಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಆಮೇಲೆ ಗೇರು ಬದಲಾಯಿಸಿದ.